ಉಗ್ರಾಣದ ಬೀಗಕ್ಕಿಂತ ಮೊದಲು ಒಂದು ಪಟ್ಟಿ

ಮ್ಯೂಸಿಯಮ್ಮಿಗೆ ಹೋದಾಗ ನಾವು ನೋಡೋದು ಅಂಗಡಿಯ ಶೋಕೇಸ್ ಮಾತ್ರ. ಸರಕಿನ ಬಹುಪಾಲು ಹಿಂದಿನ ಉಗ್ರಾಣದಲ್ಲಿರುತ್ತೆ. 2021ರಲ್ಲಿ ರಾಟರ್‌ಡ್ಯಾಮಿನ ಬಾಯ್‌ಮನ್ಸ್ ಮ್ಯೂಸಿಯಂ ಒಂದೂವರೆ ಲಕ್ಷ ಕೃತಿಗಳಿರುವ ತನ್ನ ಉಗ್ರಾಣದೊಳಕ್ಕೇ ಜನರನ್ನು ಬಿಟ್ಟುಕೊಂಡಿತು. 2025ರಲ್ಲಿ ಲಂಡನ್ನಿನ ವಿ ಅಂಡ್ ಎ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎರಡು ವಾರ ಮುಂಚೆ ಬುಕ್ ಮಾಡಿದ್ರೆ, ಕೇಳಿದ ಐದು ವಸ್ತು ತೆಗೆದು ನಿಮ್ಮ ಮುಂದಿಡ್ತಾರೆ. ಅದೂ ಪುಕ್ಕಟೆ!

ಓದಿ ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಬುಕ್ ಮಾಡೋಕೆ ಮೊದಲು ಒಳಗೆ ಏನಿದೆ ಅಂತ ಗೊತ್ತಿರಬೇಕಲ್ಲ? ಆ ಪಟ್ಟಿ ಮಾಡುವ ಕೆಲಸ ನಮ್ಮ ಕಡೂರು, ತರೀಕೆರೆ ಸೀಮೆಯಲ್ಲಿ ನೂರಿಪ್ಪತ್ತು ವರ್ಷದ ಹಿಂದೆಯೇ ಶುರುವಾಗಿತ್ತು.

ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದ 6ನೇ ಸಂಪುಟವನ್ನು 1901ರಲ್ಲಿ ತಂದರು. ಅದು ಕಡೂರು ಜಿಲ್ಲೆಯ ಶಾಸನಗಳ ಸಂಪುಟ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಅದೇ ಹೆಸರು. ಪ್ರತಿ ತಾಲ್ಲೂಕಿನ ಶಾಸನಗಳಿಗೂ 1ರಿಂದ ನಂಬರು. ಜೊತೆಗೆ ಊರಿನ ಹೆಸರು, ಕಲ್ಲು ಎಲ್ಲಿದೆ ಅನ್ನೋದು, ಪಾಠ, ಇಂಗ್ಲಿಷ್ ಅನುವಾದ.

ತರೀಕೆರೆ 45 ತೆಗೆಯಿರಿ. ಅದು ಅಮೃತಾಪುರದ ಶಾಸನ. ಎರಡನೇ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ್ದು. ಬರೆದವನು ಕವಿ ಜನ್ನ. ಆ ಒಂದು ನಂಬರಿನಿಂದ ದೇವಾಲಯ, ಕವಿ, ದೊರೆ ಮೂರೂ ಒಟ್ಟಿಗೆ ಕೈಗೆ ಸಿಗುತ್ತಾರೆ.

ಆದರೆ ಒಂದು ಮಾತು ಗಮನಿಸಿ. ರೈಸ್ ಎಣಿಸಿದ್ದು ಅಕ್ಷರ ಇರುವ ಕಲ್ಲುಗಳನ್ನು. ಅಕ್ಷರವಿಲ್ಲದ ವೀರಗಲ್ಲು, ಮಾಸ್ತಿಕಲ್ಲು, ಮೂಗು ಮುರಿದ ವಿಗ್ರಹ, ಒಂಟಿ ಕಂಬ – ಇವೆಲ್ಲ ಆ ಪಟ್ಟಿಯ ಹೊರಗೇ ಉಳಿದವು. ಆತಕೂರಿನ ಕಲ್ಲು ಇವತ್ತು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ‘ಕಾಳಿ’ ಅನ್ನೋ ನಾಯಿಯ ನೆನಪಿನ, ಹತ್ತನೇ ಶತಮಾನದ ಕಲ್ಲು ಅದು. ಊರು ಬಿಟ್ಟು ಬಂದರೂ ಊರಿನ ಹೆಸರು ಅದನ್ನು ಬಿಟ್ಟಿಲ್ಲ, ಯಾಕಂದ್ರೆ ಅದರ ಮೈಮೇಲೆ ಬರಹ ಇದೆ. ಅಜ್ಜಂಪುರ ಕಡೆಯ ಹೊಲದ ಬದುವಿನಿಂದ ಒಂದು ಮೂಕ ವೀರಗಲ್ಲು ಉಗ್ರಾಣಕ್ಕೆ ಹೋಯಿತು ಅಂದ್ಕೊಳ್ಳಿ. ಊರಿನ ಹೆಸರು ಬರೆದುಕೊಳ್ಳದಿದ್ದರೆ ಅದು ಬರೀ ಕಲ್ಲು. ಕಲ್ಲು ಉಳಿದರೂ ಅದರ ಕಥೆ ಹೋಯಿತು.

‘ಪಟ್ಟಿ ಬಯಲಾದ್ರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ’ ಅನ್ನೋ ವಾದವೂ ಇದೆ. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೆ ತಮಿಳುನಾಡಿನ ಶ್ರೀಪುರಂದಾನದಿಂದ ಕಳುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿದ್ದ ನಟರಾಜ 2014ರಲ್ಲಿ ವಾಪಸ್ ಬಂದ. ಅವನು ನಮ್ಮವನೇ ಅಂತ ತೋರಿಸಲು ನೆರವಾಗಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೇ ಫೋಟೋ. ದಾಖಲೆ ಇಲ್ಲದ ವಿಗ್ರಹ ಕಳುವಾದರೆ, ಕಳುವಾಗಿದೆ ಅಂತ ಹೇಳೋಕೂ ಯಾರೂ ಇರಲ್ಲ.

ಹಾಗಾಗಿ ನಾನು ಕೇಳೋದು ಗಾಜಿನ ಕಟ್ಟಡ ಅಲ್ಲ. ನಮ್ಮ ಮ್ಯೂಸಿಯಂಗಳ ಉಗ್ರಾಣದಲ್ಲಿರುವ ಪ್ರತಿ ಕಲ್ಲಿಗೂ ಒಂದು ನಂಬರು, ಒಂದು ಫೋಟೋ, ಅಳತೆ, ಬಂದ ಊರಿನ ಹೆಸರು – ಇಷ್ಟನ್ನು ಕನ್ನಡದಲ್ಲಿ, ಮೊಬೈಲಿನಲ್ಲೇ ಹುಡುಕುವ ಹಾಗೆ ಹಾಕಲಿ. ಕಡೂರಿನ ಹುಡುಗಿಯೊಬ್ಬಳು ತನ್ನೂರಿನ ಹೆಸರು ಟೈಪ್ ಮಾಡಿ, ‘ಈ ಕಲ್ಲು ನಮ್ಮೂರದ್ದು, ತೋರಿಸ್ತೀರಾ?’ ಅಂತ ಕೇಳುವಂತಾಗಲಿ. ಬೀಗ ತೆಗೆಯುವ ಮಾತು ಆಮೇಲೆ ತಾನಾಗೇ ಬರುತ್ತೆ.