ಹಾಡಿನ ಬೆಲೆ, ಹಾಡಿನ ಬೀಗ

1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ರಿಯೋ ಪಿಎಂಪಿ300 ಪ್ಲೇಯರ್‌ನಲ್ಲಿದ್ದದ್ದು 32 ಎಂಬಿ ಜಾಗ. ಅರ್ಧ ಗಂಟೆಯ ಹಾಡಿಗೆ ಅದು ತುಂಬಿಹೋಗುತ್ತಿತ್ತು. ಅಷ್ಟಕ್ಕೇ ಬೆಚ್ಚಿದ ಧ್ವನಿಮುದ್ರಣ ಕಂಪನಿಗಳ ಸಂಘ ಮಾರಾಟ ತಡೆಯಲು ಕೋರ್ಟಿಗೆ ಹೋಗಿ, ಮರುವರ್ಷ ಸೋತಿತು. ಪ್ಲೇಯರ್ ಉಳಿಯಿತು. ಅದಕ್ಕೆ ಕಾನೂನುಬದ್ಧವಾಗಿ ಹಾಡು ತರುವುದೆಲ್ಲಿಂದ ಎಂಬ ಪ್ರಶ್ನೆಯೂ ಉಳಿಯಿತು.

ನ್ಯಾಪ್‌ಸ್ಟರ್ ಎಂಬ ಅಂತರ್ಜಾಲ ಸೇವೆ ಎಲ್ಲವನ್ನೂ ಪುಕ್ಕಟೆಯಾಗಿ ಹಂಚಿ, 2001ರಲ್ಲಿ ನ್ಯಾಯಾಲಯದ ಆದೇಶದಿಂದ ನಿಂತಿತು. ಅದೇ ವರ್ಷದ ಕೊನೆಗೆ ದೊಡ್ಡ ಧ್ವನಿಮುದ್ರಣ ಕಂಪನಿಗಳು ಮ್ಯೂಸಿಕ್‌ನೆಟ್, ಪ್ರೆಸ್‌ಪ್ಲೇ ಎಂಬ ಸೇವೆಗಳನ್ನು ತೆರೆದವು. ತಿಂಗಳ ಚಂದಾ ಕಟ್ಟಿದವರು ಕಂಪ್ಯೂಟರ್ ಮುಂದೆ ಕೂತು ಕೇಳಬೇಕಿತ್ತು. ಪ್ಲೇಯರ್‌ಗೆ ಹಾಕಿಕೊಳ್ಳುವ ಹಾಗಿರಲಿಲ್ಲ. ಗಿರಾಕಿಗೆ ಬೇಕಾದದ್ದನ್ನೇ ಬಿಟ್ಟು ಕಟ್ಟಿದ ಅಂಗಡಿಗಳವು.

2003ರ ಏಪ್ರಿಲ್ 28ರಂದು ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ ಎರಡು ಲಕ್ಷ ಹಾಡುಗಳೊಂದಿಗೆ ಬಾಗಿಲು ತೆರೆಯಿತು. ಒಂದು ಹಾಡಿಗೆ 99 ಸೆಂಟ್. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಮಾರಾಟವಾದವು. ಹಿಂದೆಯೇ ವಾಲ್‌ಮಾರ್ಟ್ 88 ಸೆಂಟಿಗೆ ಇಳಿಯಿತು. ಹನ್ನೊಂದು ಸೆಂಟ್ ಉಳಿತಾಯ ಕಣ್ಣಿಗೆ ಕಾಣುತ್ತಿತ್ತು, ಬೀಗ ಕಾಣುತ್ತಿರಲಿಲ್ಲ. ವಾಲ್‌ಮಾರ್ಟ್‌ನ ಹಾಡು ಆ್ಯಪಲ್‌ನ ಪ್ಲೇಯರ್ ಐಪಾಡ್‌ನಲ್ಲಿ ಹಾಡುತ್ತಿರಲಿಲ್ಲ. ಐಟ್ಯೂನ್ಸ್‌ನಲ್ಲಿ ಕೊಂಡದ್ದಕ್ಕೆ ಬೇರೆ ಕಂಪನಿಗಳ ಹೆಚ್ಚಿನ ಪ್ಲೇಯರ್‌ಗಳು ಬಾಯಿ ಬಿಡುತ್ತಿರಲಿಲ್ಲ. ಮುಂದಿನ ಪ್ಲೇಯರ್ ಯಾವ ಕಂಪನಿಯದು ಎಂಬುದನ್ನು ಇವತ್ತು ಕೊಂಡ ಹಾಡೇ ನಿರ್ಧರಿಸಿಬಿಡುತ್ತಿತ್ತು.

ಆ ವರ್ಷಗಳಲ್ಲಿ ನಿಜವಾಗಿ ಅಗ್ಗವಾಗಿದ್ದದ್ದು ಇಮ್ಯೂಸಿಕ್. 2003ರ ಕೊನೆಯಲ್ಲಿ ತಿಂಗಳಿಗೆ 9.99 ಡಾಲರ್ ಕೊಟ್ಟರೆ 40 ಹಾಡು, ಅಂದರೆ ಒಂದಕ್ಕೆ ಸುಮಾರು 25 ಸೆಂಟ್. ಎಲ್ಲವೂ ಬೀಗವಿಲ್ಲದ ಎಂಪಿ3. ದೊಡ್ಡ ಕಂಪನಿಗಳ ಜನಪ್ರಿಯ ಹಾಡುಗಳು ಅಲ್ಲಿ ಸಿಗುತ್ತಿರಲಿಲ್ಲ, ನಿಜ. ಆದರೆ ಸಣ್ಣ ಸಂಸ್ಥೆಗಳ ಸಂಗೀತವನ್ನು, ಜಾಝನ್ನು ಹುಡುಕಿ ಕೇಳುವವರಿಗೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಇರಲಿಲ್ಲ.

ಬೀಗದ ಬೆಲೆ ಆಮೇಲೆ ತಿಳಿಯಿತು. 2006ರಲ್ಲಿ ಮೈಕ್ರೋಸಾಫ್ಟ್ ತಂದ ಝೂನ್ ಪ್ಲೇಯರ್, ಅದೇ ಮೈಕ್ರೋಸಾಫ್ಟ್‌ನ ಪ್ಲೇಸ್‌ಫಾರ್‌ಶ್ಯೂರ್ ಬೀಗವಿದ್ದ ಹಾಡುಗಳನ್ನು ಹಾಡುತ್ತಿರಲಿಲ್ಲ. 2008ರಲ್ಲಿ ಮೈಕ್ರೋಸಾಫ್ಟ್‌ನದೇ ಅಂಗಡಿ ಎಂಎಸ್‌ಎನ್ ಮ್ಯೂಸಿಕ್ ತನ್ನ ಪರವಾನಗಿ ಸರ್ವರ್ ನಿಲ್ಲಿಸುವುದಾಗಿ ಸಾರಿತು. ದುಡ್ಡು ಕೊಟ್ಟು ಕೊಂಡ ಹಾಡನ್ನು ಹೊಸ ಕಂಪ್ಯೂಟರ್‌ಗೆ ಒಯ್ಯುವ ದಾರಿಯೇ ಮುಚ್ಚುತ್ತಿತ್ತು. ಗಿರಾಕಿಗಳು ಸಿಟ್ಟೆದ್ದ ಮೇಲೆ ಕಂಪನಿ ಆ ಗಡುವನ್ನು 2011ರವರೆಗೆ ಮುಂದೂಡಿತು.

ಅಷ್ಟರಲ್ಲಿ ಗಾಳಿ ತಿರುಗಿತ್ತು. 2007ರ ಏಪ್ರಿಲ್‌ನಲ್ಲಿ ಧ್ವನಿಮುದ್ರಣ ಕಂಪನಿ ಇಎಂಐ ಬೀಗ ತೆಗೆಯಲು ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಅಮೆಜಾನ್, ಬಹುಪಾಲು 89ರಿಂದ 99 ಸೆಂಟಿನೊಳಗೆ, ಯಾವ ಪ್ಲೇಯರ್‌ನಲ್ಲಾದರೂ ಹಾಡುವ ಎಂಪಿ3 ಮಾರತೊಡಗಿತು. 2009ರ ಜನವರಿಯಲ್ಲಿ ಆ್ಯಪಲ್ ಕೂಡ ಬೀಗ ಕೈಬಿಡುವುದಾಗಿ ಹೇಳಿತು.

ಭಾರತಕ್ಕೆ ಈ ವ್ಯಾಪಾರ ತಡವಾಗಿ ಬಂತು. 2012ರ ಫೆಬ್ರುವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಶುರುಮಾಡಿದ ಫ್ಲೈಟ್ ಅಂಗಡಿಯಲ್ಲಿ ಹಾಡಿನ ಬೆಲೆ ಆರು ರೂಪಾಯಿಯಿಂದ ಆರಂಭವಾಗುತ್ತಿತ್ತು. ಡಿಸೆಂಬರ್‌ನಲ್ಲಿ ಐಟ್ಯೂನ್ಸ್ ಕೂಡ ಇಲ್ಲಿಗೆ ಕಾಲಿಟ್ಟಿತು. 2013ರ ಜೂನ್‌ನಲ್ಲಿ ಫ್ಲೈಟ್ ಸಂಗೀತ ಮಾರುವುದನ್ನು ನಿಲ್ಲಿಸಿತು. ಅಲ್ಲಿ ಮಾರಾಟವಾಗಿದ್ದದ್ದು ಬೀಗವಿಲ್ಲದ ಎಂಪಿ3ಗಳಾದ್ದರಿಂದ, ಅಷ್ಟರೊಳಗೆ ಇಳಿಸಿಕೊಂಡು ಇಟ್ಟುಕೊಂಡವರ ಹಾಡುಗಳಿಗೆ ಯಾವ ತೊಂದರೆಯೂ ಆಗಲಿಲ್ಲ.