ಚೈನೀಸ್ ಬ್ರೊಕೋಲಿಯನ್ನು ಮೈಸೂರಿನಲ್ಲಿ ಮಾರ್ಚ್‌ನಲ್ಲಿ ಬಿತ್ತಬಹುದೇ?

ಮಾರ್ಚ್‌ನಲ್ಲಿ ಬಿತ್ತಿದರೆ ಎರಡೇ ತಿಂಗಳಲ್ಲಿ ಚೈನೀಸ್ ಬ್ರೊಕೋಲಿ ಕೈಗೆ ಬರುತ್ತದೆ ಎಂಬರ್ಥದ ಸಂದೇಶಗಳು ಕೈತೋಟದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಅದನ್ನು ನಂಬಿ ಸರಸ್ವತಿಪುರಂನ ತಾರಸಿಯೊಂದರಲ್ಲಿ ನಾವೂ ಬಿತ್ತಿದ್ದೆವು. ಗಿಡ ಗೇಣುದ್ದ ಆಗುವಷ್ಟರಲ್ಲೇ ಹೂ ಬಿಟ್ಟಿತು. ಎಲೆ ಕಹಿ, ದಂಟು ಬರೀ ನಾರು. ಹಾಗಾದರೆ ಸಂದೇಶ ಸುಳ್ಳೇ?

ಇದು ಯಾವ ಗಿಡ?

ಕೈಲಾನ್ ಎಂದೂ ಕರೆಯುವ ಈ ಸೊಪ್ಪು ಎಲೆಕೋಸು, ಹೂಕೋಸು, ನವಿಲುಕೋಸುಗಳದ್ದೇ ಪ್ರಭೇದ: ಬ್ರಾಸಿಕಾ ಒಲೆರೇಸಿಯಾ. ಬ್ರೊಕೋಲಿಯಂತೆ ಇದರಲ್ಲಿ ದಪ್ಪ ಹೂವಿನ ತಲೆ ಕಟ್ಟುವುದಿಲ್ಲ. ಎಲೆ, ದಂಟು ಮತ್ತು ಎಳೆಯ ಮೊಗ್ಗನ್ನು ತಿನ್ನುತ್ತಾರೆ. ತಂಪು ಹವೆ ಇದಕ್ಕೆ ಇಷ್ಟ. ಬಿಸಿಲು ಏರಿದರೆ ಗಿಡ ಬೆಳೆಯುವುದನ್ನು ಬಿಟ್ಟು ಹೂ ಬಿಡಲು ಅವಸರ ಮಾಡುತ್ತದೆ.

ಮಾರ್ಚ್ ಎಲ್ಲಿಂದ ಬಂತು?

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಕಳೆದ ಮೇಲೆ, ವಸಂತದಲ್ಲಿ ಬಿತ್ತುತ್ತಾರೆ. ಅಲ್ಲಿ ಆಗ ಹವೆ ತಂಪು. ಮೈಸೂರಿನಲ್ಲಿ ಹಿಮವೇ ಬೀಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಕಾಂಕ್ರೀಟ್ ತಾರಸಿಯ ಕುಂಡ ಇನ್ನೂ ಹೆಚ್ಚು ಕಾಯುತ್ತದೆ. ಅಂದರೆ ಸಂದೇಶ ಸುಳ್ಳಲ್ಲ, ಅದು ಬೇರೆ ಊರಿನ ಸತ್ಯ.

ಮೈಸೂರಿಗೆ ಯಾವ ಕಾಲ ಸರಿ?

- ಅಕ್ಟೋಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ: ಅತ್ಯುತ್ತಮ. ಅಕ್ಟೋಬರ್ ಇಲ್ಲಿ ಮಳೆ ಜೋರಾಗಿರುವ ತಿಂಗಳು. ಹಾಗಾಗಿ ದಸರಾ ಹೊತ್ತಿಗೆ ಟ್ರೇಯಲ್ಲಿ ಬಿತ್ತಿ, ಮಳೆ ನೇರವಾಗಿ ಬೀಳದ ಕಡೆ ಇಡಿ. ನಾಲ್ಕೈದು ವಾರ ಕಳೆದು, ದೀಪಾವಳಿ ಮುಗಿದ ಮೇಲೆ ಕುಂಡಕ್ಕೆ ನೆಡಿ. ಬಿತ್ತಿದ ಸುಮಾರು 60 ದಿನಕ್ಕೆ ಮೊದಲ ಕೊಯ್ಲು. ಸಂಕ್ರಾಂತಿಗೂ ಸೊಪ್ಪು ಇರುತ್ತದೆ.
- ಜುಲೈ, ಆಗಸ್ಟ್: ಬಿತ್ತಬಹುದು. ಹವೆ ತಂಪಾಗಿಯೇ ಇರುತ್ತದೆ. ಆದರೆ ಮೋಡದಿಂದ ಬಿಸಿಲು ಕಡಿಮೆ, ತೇವ ನಿಂತರೆ ಸಸಿ ಬುಡ ಕೊಳೆಯುತ್ತದೆ. ನೀರು ಬಸಿಯುವ ಮಣ್ಣು ಬೇಕೇ ಬೇಕು.
- ಫೆಬ್ರವರಿಯಿಂದ ಮೇ: ಬೇಡ. ಬೀಜದ ದುಡ್ಡೂ ನೀರೂ ದಂಡ.

ಕೊಯ್ಯುವುದು ಯಾವಾಗ?

ಹೂವಿನ ತಲೆ ಬರಲಿ ಎಂದು ಕಾಯಬೇಡಿ. ಮೊಗ್ಗು ಮೂಡಿ ಒಂದೆರಡು ಅರಳುವ ಹೊತ್ತಿಗೆ, ಕೆಳಗಿನ ಕೆಲವು ಎಲೆ ಉಳಿಸಿ ದಂಟು ಕತ್ತರಿಸಿ. ಪಕ್ಕದಿಂದ ಮತ್ತೆ ಚಿಗುರುತ್ತದೆ. ಎಲೆಯ ಅಡಿಯಲ್ಲಿ ಸಸ್ಯಹೇನು, ಹಸಿರು ಹುಳು ಇವೆಯೇ ಎಂದು ಆಗಾಗ ನೋಡಿ.

ನಮ್ಮ ತೀರ್ಮಾನ: ಮೈಸೂರಿನ ಮಟ್ಟಿಗೆ ಇದು ದಾರಿ ತಪ್ಪಿಸುವ ಮಾಹಿತಿ. ಬಿತ್ತನೆಯ ಸಂದೇಶ ಬಂದಾಗ ತಿಂಗಳ ಹೆಸರು ನೋಡಿ ನಂಬಬೇಡಿ. ಅದು ಯಾವ ಊರಿನ ಲೆಕ್ಕ ಎಂದು ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ.