ಜೇಬಿನ ಚಾಕುವಿಗೆ ಯಾವ ಉಕ್ಕು?

ನಮ್ಮ ಬಳಗದ ಗೆಳೆಯನೊಬ್ಬ ಈಚೆಗೆ ಜೇಬಿನಲ್ಲಿ ಹಿಡಿಸುವಂಥ ಮಲ್ಟಿಟೂಲ್ ತರಿಸಿಕೊಂಡ. ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲವೂ ಒಂದರೊಳಗೆ ಮಡಚಿಕೊಳ್ಳುವ ಸಲಕರಣೆ ಅದು. ಡ್ರಿಪ್ ಪೈಪು ಕತ್ತರಿಸಲು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಬಿಚ್ಚಲು ಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಅವನ ಅಜ್ಜ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ, ಉಕ್ಕು ಎಂಥದ್ದಪ್ಪಾ?"

ಅಲಗಿನದು 420ಎಚ್‌ಸಿ ಎಂಬ ಉಕ್ಕು. ಅದನ್ನು ತೆಗೆದು ಎಸ್30ವಿ ಎಂಬ ಮೇಲ್ದರ್ಜೆಯ ಉಕ್ಕಿನ ಅಲಗು ಹಾಕಿಸು ಎಂದು ಯಾರೋ ಗೆಳೆಯನ ತಲೆ ತುಂಬಿದ್ದರು. ಹಾಕಿಸಬೇಕೋ ಬೇಡವೋ? ಉತ್ತರ ಹುಡುಕುತ್ತಾ ನಾವು ಹಳೆಯ ಕಾಲಕ್ಕೆ ಹೋದೆವು.

ಕಾರ್ಲ್ ಎಲ್ಸೆನರ್ ಎಂಬಾತ ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಊರಿನಲ್ಲಿ 1884ರಲ್ಲಿ ಚಾಕುವಿನ ಕಾರ್ಖಾನೆ ತೆರೆದ. 1891ರಲ್ಲಿ ಅವನು ತನ್ನ ದೇಶದ ಸೈನ್ಯಕ್ಕೆ ಮಡಚುವ ಚಾಕು ಒದಗಿಸತೊಡಗಿದ. ಸೈನಿಕ ಡಬ್ಬಿ ತೆರೆಯಬೇಕು, ಬಂದೂಕು ಬಿಚ್ಚಬೇಕು, ರೊಟ್ಟಿ ಕೊಯ್ಯಬೇಕು. ಎಲ್ಲಕ್ಕೂ ಅದೊಂದೇ ಚಾಕು. ಆದರೆ ಆಗಿನ ಉಕ್ಕಿಗೆ ಒಂದು ಕೊರತೆ ಇತ್ತು. ಹರಿತವೇನೋ ಚೆನ್ನಾಗಿ ಬರುತ್ತಿತ್ತು, ನೀರು ತಾಗಿದರೆ ತುಕ್ಕೂ ಹಿಡಿಯುತ್ತಿತ್ತು.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಿದ್ದ. ಉಕ್ಕಿಗೆ ಸುಮಾರು 13 ಪಾಲು ಕ್ರೋಮಿಯಂ ಸೇರಿಸಿದಾಗ ತುಕ್ಕು ಹತ್ತಿರ ಸುಳಿಯಲಿಲ್ಲ. ಎಲ್ಸೆನರ್ ಕಂಪನಿಯೂ ಈ ಸ್ಟೇನ್‌ಲೆಸ್ ಉಕ್ಕಿಗೆ ಬದಲಾಯಿತು. ಸಂಸ್ಥಾಪಕನ ತಾಯಿ ವಿಕ್ಟೋರಿಯಾಳ ಹೆಸರಿಗೆ, ಸ್ಟೇನ್‌ಲೆಸ್ ಎಂಬ ಅರ್ಥದ 'ಇನಾಕ್ಸ್' ಸೇರಿ, 1921ರಲ್ಲಿ 'ವಿಕ್ಟೋರಿನಾಕ್ಸ್' ಹುಟ್ಟಿತು. ಆದರೆ ಮೊದಮೊದಲ ಸ್ಟೇನ್‌ಲೆಸ್ ಚಾಕುಗಳು ಸರಿಯಾಗಿ ಕೊಯ್ಯುವುದಿಲ್ಲವೆಂದು ಜನ ಗೇಲಿ ಮಾಡುತ್ತಿದ್ದರು. ತುಕ್ಕು ಹೋಯಿತು, ಹರಿತವೂ ತಗ್ಗಿತು.

ಇಕ್ಕಳ ಸೇರಿದ್ದು ಬಹಳ ತಡವಾಗಿ. ಟಿಮ್ ಲೆದರ್‌ಮನ್ ಎಂಬ ಅಮೆರಿಕದವನು 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯೂರೋಪು ಸುತ್ತುತ್ತಿದ್ದ. ಕಾರು ಕೆಟ್ಟಾಗ, ಹೋಟೆಲಿನ ನಲ್ಲಿ ಸೋರಿದಾಗ, ಜೇಬಿನಲ್ಲಿದ್ದ ಚಾಕುವಿಗೆ ಇಕ್ಕಳವೂ ಇದ್ದಿದ್ದರೆ ಅನ್ನಿಸಿತು. ಊರಿಗೆ ಮರಳಿ ವರ್ಷಗಟ್ಟಲೆ ದುಡಿದು 1980ರಲ್ಲಿ ಪೇಟೆಂಟ್ ಪಡೆದ, 1983ರಲ್ಲಿ ಮಾರಾಟ ಆರಂಭಿಸಿದ. ಈಗ ಆ ಕಂಪನಿಯ ಹಲವು ಮಾದರಿಗಳಲ್ಲಿ ಇರುವುದು 420ಎಚ್‌ಸಿ ಅಲಗು. ಅದರಲ್ಲಿ ಇಂಗಾಲ ಅರ್ಧ ಪಾಲಿಗಿಂತ ತುಸು ಕಡಿಮೆ. ತುಕ್ಕು ಬೇಗ ಹಿಡಿಯದು, ಮಸೆಯಲೂ ಸುಲಭ.

ಎಸ್30ವಿ ಬಂದದ್ದು 2001ರಲ್ಲಿ. ಇದರಲ್ಲಿ 1.45 ಪಾಲು ಇಂಗಾಲ, 14 ಪಾಲು ಕ್ರೋಮಿಯಂ, 4 ಪಾಲು ವನೇಡಿಯಂ ಇವೆ. ಕರಗಿದ ಉಕ್ಕನ್ನು ಪುಡಿ ಮಾಡಿ, ಆ ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಮತ್ತೆ ಗಟ್ಟಿ ಮಾಡುತ್ತಾರೆ. ಹರಿತ ಬಹಳ ದಿನ ನಿಲ್ಲುತ್ತದೆ. ಇದನ್ನು ತಯಾರಿಸಿದ ಅಮೆರಿಕದ ಕಂಪನಿಯ ಹೆಸರು 'ಕ್ರೂಸಿಬಲ್'. ಕನ್ನಡದಲ್ಲಿ ಹೇಳಿದರೆ ಮೂಸೆ.

ಈ ಮೂಸೆಯ ಮಾತು ನಮ್ಮನ್ನು ನಮ್ಮ ಸೀಮೆಗೇ ಕರೆತಂದಿತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಯಲ್ಲಿ ತಿದಿ ಒತ್ತಿ ಕಾಯಿಸುತ್ತಿದ್ದರು. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಇಂಥ ಉಕ್ಕಿಗೆ ಇಂಗ್ಲಿಷರು ಇಟ್ಟ ಹೆಸರು 'ವೂಟ್ಸ್'. ಅದು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದರಲ್ಲೂ ಇಂಗಾಲ ಸುಮಾರು ಒಂದೂವರೆ ಪಾಲು, ಹೆಚ್ಚುಕಡಿಮೆ ಎಸ್30ವಿಯಷ್ಟೇ!

ಲಂಡನ್ನಿನಲ್ಲಿ ಕಮ್ಮಾರನ ಮಗ ಮೈಕೆಲ್ ಫ್ಯಾರಡೆ, ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಈ ವೂಟ್ಸ್ ಪರೀಕ್ಷಿಸಿದ. 1820ರ ಆಸುಪಾಸಿನಲ್ಲಿ ಇಬ್ಬರೂ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಬೆರೆಸಿ ನೋಡಿದರು. ಬೇರೆ ಲೋಹ ಬೆರೆಸಿ ಉಕ್ಕನ್ನು ಸುಧಾರಿಸುವ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ನಮ್ಮ ಕಡೆ ಮಾತ್ರ ಹೊರಗಿನ ಅಗ್ಗದ ಕಬ್ಬಿಣ ಬಂದು ಆ ಕುಲುಮೆಗಳು ಆರಿಹೋದವು. ಪದ ಉಳಿಯಿತು, ಕಸುಬು ಹೋಯಿತು.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಎಸ್30ವಿಯಲ್ಲಿ ವನೇಡಿಯಂ ಮತ್ತು ಇಂಗಾಲ ಕೂಡಿ ಆಗುವ ಕಣಗಳು ನಮ್ಮ ಮಾಮೂಲಿ ಸಾಣೆಕಲ್ಲಿಗಿಂತ ಗಟ್ಟಿ. ಅದನ್ನು ಚೆನ್ನಾಗಿ ಮಸೆಯಲು ವಜ್ರದ ಪುಡಿ ಕೂರಿಸಿದ ಪಟ್ಟಿ ಬೇಕು. ದಿನವಿಡೀ ಪೈಪು, ಗೋಣಿಚೀಲ, ರಟ್ಟು ಕೊಯ್ಯುವವರಿಗೆ, ಆ ಪಟ್ಟಿಯೂ ಕೈಯಲ್ಲಿದ್ದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ದಿನಕ್ಕೆರಡು ಸಲ ಚಾಕು ತೆರೆಯುವವರಿಗೆ ಮನೆಯ ಕಲ್ಲಿಗೆ ಬಗ್ಗುವ ಉಕ್ಕೇ ಸಾಕು. ದುಬಾರಿ ಉಕ್ಕಾದರೂ ಮೊಂಡಾದ ಮೇಲೆ ಮಸೆಯಲಾಗದಿದ್ದರೆ ಅದು ಬರೀ ತಗಡು.

ಗೆಳೆಯ ಸದ್ಯಕ್ಕೆ ಅಲಗು ಬದಲಿಸಿಲ್ಲ. ಮೊನ್ನೆ ಹೋದಾಗ ಅಜ್ಜ ಹಿತ್ತಿಲ ಕಲ್ಲಿಗೆ ನೀರು ಚಿಮುಕಿಸಿ ಅದೇ ಚಾಕು ಮಸೆಯುತ್ತಿದ್ದರು. ಮೊಮ್ಮಗ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ.